ಐಸಿನ ಸೇತುವೆ ಮತ್ತು ಹದಿನಾಲ್ಕು ನಂಬರಿನ ಪಾನಾ

ಮೊನ್ನೆ ಮೊಳಕಾಲ್ಮೂರಿಗೆ ಮಾಮುವಿನ ಮನೆಗೆ ಹೋಗಿದ್ದೆ. ಮಾಮು ಅಂದರೆ ನಮ್ಮಮ್ಮಿಯ ತಮ್ಮ. ರೇಷ್ಮೆ ಸೀರೆಗಳ ಅಂಚಿಗೆ ಡಿಸೈನ್ ಮಾಡಿಕೊಡುವವರು. ಅವರ ಮನೆಗೆ ಹೋಗಿ ಸೀರೆ ನೋಡದೆ ಬರುವುದು ಹೋಟೆಲಿಗೆ ಹೋಗಿ ಬರೀ ನೀರು ಕುಡಿದು ಬಂದ ಹಾಗೆ. ನಡುಮನೆಯಲ್ಲಿ ಕೂತು ಬಸಿಗೆ ಚಹಾ ಬಗ್ಗಿಸಿಕೊಳ್ಳುತ್ತಿದ್ದೆ. ಒಳಕೋಣೆಯಿಂದ ಢಣ್ ಅಂತ ಒಂದು ಗಂಟೆಯ ಸದ್ದು ಬಂತು. ಅದರ ಬೆನ್ನಿಗೇ ಗಾಳಿ ಊಳಿಡುವ ಸದ್ದು. ಬಸಿ ಅಲ್ಲಾಡಿ ಚಹಾ ಸೆರಗಿನ ಮೇಲೆ ಚೆಲ್ಲಿತು. ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಹೇಳುವ, ನಲವತ್ತು ದಾಟಿದ ಹೆಂಗಸೊಬ್ಬಳು ಒದ್ದೆ ಸೆರಗಿನಲ್ಲೇ ಓಡಿಹೋಗಿ ಕೋಣೆಯ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಳು ಅಂದರೆ ಆ ಸದ್ದು ಎಂಥದ್ದಿರಬೇಕು, ನೀವೇ ಯೋಚಿಸಿ.

ಒಳಗೆ ಮಾಮುವಿನ ಮೊಮ್ಮಗಳು, ಡಿಗ್ರಿ ಓದುತ್ತಿರುವವಳು, ಟಿವಿಯ ಮುಂದೆ ಕಾಲು ಚಾಚಿ ಕೂತು ಏನೋ ಆಟ ಆಡುತ್ತಿದ್ದಳು. ಪರದೆಯ ತುಂಬ ಹಿಮ. ಹಿಮದ ನಡುವೆ ಕೋಲು ಹಿಡಿದ ಒಬ್ಬ ಮುದುಕ. ಗಡ್ಡದ ಒಂದೊಂದು ಕೂದಲನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ.

"ಏ, ಇವರು ನಮ್ಮ ಅಜ್ಜಯ್ಯ!" ಅಂದೆ.

"ಯಾರ ಅಜ್ಜಯ್ಯ ಫುಪ್ಪಿ? ಇವನೊಬ್ಬ ಮಾಂತ್ರಿಕ" ಅಂತ ಹುಡುಗಿ ತನ್ನ ಅತ್ತೆಯನ್ನು, ಅಂದರೆ ನನ್ನನ್ನು, ಕನಿಕರದಿಂದ ನೋಡಿದಳು. ಆಮೇಲೆ ನನಗೇ ಪಾಠ ಶುರುಮಾಡಿದಳು. ಇದು ವಿದೇಶದ ಬಹಳ ಹಳೆಯ ಕತೆಯಂತೆ. ದಿಂಬಿನಷ್ಟು ದಪ್ಪದ ಐದು ಪುಸ್ತಕಗಳಂತೆ. ಅದನ್ನೇ ಹಿಡಿದು ಆಟದ ಮೇಲೆ ಆಟ ಮಾಡಿದ್ದಾರಂತೆ. "ಇದರ ಮೊದಲನೇ ಗೇಮು ನಾನು ಹುಟ್ಟೋಕ್ಕಿಂತ ಮುಂಚೆ ಬಂದಿತ್ತು. ಗೊಂಬೆಗಳು ಇಟ್ಟಿಗೆ ಜೋಡಿಸಿದ ಹಾಗೆ ಕಾಣ್ತಿದ್ವಂತೆ. ಅದನ್ನ ಯಾರು ಆಡಿದ್ರೋ ಪಾಪ!"

ಯಾರು ಆಡಿದ್ದರು ಅಂತ ಹೇಳುತ್ತೇನೆ, ಕೇಳಿ. ಚಳ್ಳಕೆರೆಯ ಲಾರಿ ಮೆಕ್ಯಾನಿಕ್ ಒಬ್ಬರು ಆಡಿದ್ದರು. ದೇವಸಮುದ್ರದ ಹತ್ತಿರದ ಹಟ್ಟಿಯ ಕುರಿಗಾರ ಒಬ್ಬ ಆಡಿಸಿದ್ದ. ಮೆಕ್ಯಾನಿಕ್ ನಮ್ಮಬ್ಬಾ. ಕುರಿಗಾರ ಚಿತ್ತಯ್ಯ ಮಾವ. ಪಕ್ಕದಲ್ಲಿ ಕೂತು ಇಂಗ್ಲಿಷು ಓದಿ ಹೇಳುವ ದೊಡ್ಡ ಹುದ್ದೆ ನನ್ನದಾಗಿತ್ತು. ನಾನಾಗ ಎರಡನೇ ಪಿಯುಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಇಂಗ್ಲಿಷಿನಲ್ಲಿ ಪಾಸಾಗುತ್ತೇನೋ ಇಲ್ಲವೋ ಎಂಬ ಭಯವಿದ್ದವಳನ್ನೇ ದುಭಾಷಿ ಮಾಡಿಕೊಂಡಿದ್ದರು. ಎಂಥ ಧೈರ್ಯ!

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಲಾರಿಯ ಗೇರ್‌ಬಾಕ್ಸ್ ಇಳಿಸುವಾಗ ಜಾಕು ಜಾರಿ ಅಬ್ಬಾನ ಬಲಗೈ ಅಡಿಗೆ ಸಿಕ್ಕಿತ್ತು. ಮೂರು ಬೆರಳುಗಳ ಮೂಳೆ ಮುರಿದವು. ಚಿತ್ರದುರ್ಗದ ಡಾಕ್ಟರು ಒಂದೂವರೆ ತಿಂಗಳು ಪ್ಲಾಸ್ಟರ್ ಹಾಕಿ ಬಿಚ್ಚಿದರು. ಮೂಳೆ ಕೂಡಿತ್ತು, ಆದರೆ ಬೆರಳು ಮಡಚುತ್ತಿರಲಿಲ್ಲ. ಮೂರೂ ಬೆರಳು ಒಣಗಿದ ತೊಗರಿ ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಇದನ್ನು ಹಿಸುಕಿ ಅಂದರು. ಅಬ್ಬಾನಿಗೆ ಅವಮಾನವಾಯಿತು. "ಹತ್ತು ಚಕ್ರದ ಲಾರಿ ಬಿಚ್ಚಿ ಜೋಡಿಸೋನಿಗೆ ಚೆಂಡು ಕೊಟ್ಟು ಕಳಿಸ್ತಾರಲ್ಲ!" ಅಂತ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳಿಗೆ ಅದನ್ನು ದಾನ ಮಾಡಿ ಬಂದು ಕೂತುಬಿಟ್ಟರು. ಗ್ಯಾರೇಜಿನ ಶಟರು ಮುಚ್ಚಿತ್ತು. ಮನೆ ನಡೆಯುತ್ತಿದ್ದದ್ದು ಅಮ್ಮಿಯ ಹೊಲಿಗೆ ಮಿಷನ್ನಿನ ಮೇಲೆ. ಆ ಮೂರು ಬೆರಳು ಮತ್ತೆ ಮಡಚಿದರೆ ನಮ್ಮ ಅಬ್ಬಾ ನಮ್ಮ ಅಬ್ಬಾ. ಮಡಚದಿದ್ದರೆ? ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನಂತೂ ನಮಾಜಿನಲ್ಲಿ ರಿಸಲ್ಟಿನ ವಿಷಯ ಬಿಟ್ಟು ಬೆರಳಿನ ವಿಷಯವನ್ನೇ ಕೇಳಿಕೊಳ್ಳುತ್ತಿದ್ದೆ.

ಹೀಗಿರುವಾಗ ಮೊಳಕಾಲ್ಮೂರಿನಿಂದ ಮಾಮು ಒಂದು ಕಂಪ್ಯೂಟರ್ ತಂದರು. ಸೀರೆ ಡಿಸೈನಿಗೆ ಅಂತ ಹೊಸದು ಕೊಂಡಿದ್ದರು, ಹಳೆಯದನ್ನು ಇಡಲು ಜಾಗ ಇರಲಿಲ್ಲ. "ಭಾವ, ಕೈ ವಾಸಿಯಾಗೋವರೆಗೂ ಇಟ್ಕೊಳ್ಳಿ. ಬೆರಳಿಗೆ ಕೆಲಸ ಸಿಗುತ್ತೆ, ಹೊತ್ತೂ ಹೋಗುತ್ತೆ" ಅಂದರು. ಅಮ್ಮಿ ಕೂಡಲೇ ಒಂದು ಕಾನೂನು ಮಾಡಿದಳು. ನಮ್ಮ ಮನೆಮಾತು ಉರ್ದು. ಅಮ್ಮಿಯ ಕಾನೂನಿನ ಉರ್ದುವಿಗೆ ಇದ್ದ ಖಾರ ನನ್ನ ಕನ್ನಡಕ್ಕೆ ಬರುವುದಿಲ್ಲ, ಕ್ಷಮಿಸಿ. "ಇವರ ಕೈ ಪಾನಾ ಹಿಡಿದ ದಿನ ಈ ಡಬ್ಬಿ ಮೊಳಕಾಲ್ಮೂರಿನ ಬಸ್ಸು ಹತ್ತಬೇಕು, ಇವರು ಗ್ಯಾರೇಜು ಹತ್ತಬೇಕು. ಒಂದು ದಿನ ಹೆಚ್ಚಿಲ್ಲ." ಪಾನಾ ಅಂದರೆ ಸ್ಪ್ಯಾನರ್. ನಮ್ಮೂರ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಅಂದರೆ, ಇವನ್ಯಾರೋ ಹೊಸಬ ಅಂತ ನಗುತ್ತಾರೆ.

ಕಾನೂನಿನ ಜೊತೆ ಪರೀಕ್ಷೆಯೂ ಬಂತು. ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದ ಅಬ್ಬಾ ಇನ್ನೂ ಟೋಪಿ ತೆಗೆದಿರುವುದಿಲ್ಲ, ಅಮ್ಮಿ ಹದಿನಾಲ್ಕು ನಂಬರಿನ ಪಾನಾ ತಂದು ಮುಂದೆ ಹಿಡಿಯುತ್ತಿದ್ದಳು. ಅಬ್ಬಾ ಬಲಗೈ ಚಾಚುತ್ತಿದ್ದರು. ಪಾನಾ ಅಂಗೈ ಮೇಲೆ ಒಂದು ಗಳಿಗೆ ಕೂತು ಠಣ್ ಅಂತ ನೆಲಕ್ಕೆ ಬೀಳುತ್ತಿತ್ತು. ಅಮ್ಮಿ ಅದನ್ನು ಎತ್ತಿಕೊಂಡು ಹೋಗುತ್ತಿದ್ದಳು. ಆ ಠಣ್ ನನ್ನ ಎದೆಯೊಳಗೇ ಬಿದ್ದ ಹಾಗಾಗುತ್ತಿತ್ತು. ನಾವು ಮೂವರೂ ಆ ಮಧ್ಯಾಹ್ನ ಬಿರಿಯಾನಿಯನ್ನು ಔಷಧಿಯ ಹಾಗೆ ತಿನ್ನುತ್ತಿದ್ದೆವು.

ಕಂಪ್ಯೂಟರಿನೊಳಗೆ ಸೀರೆಯ ಹೂಬಳ್ಳಿಗಳ ಜೊತೆ ಯಾರೋ ತುಂಬಿಟ್ಟಿದ್ದ ಒಂದು ಆಟವಿತ್ತು. ಅದೇ ಈ ಅಜ್ಜಯ್ಯನ ಆಟ. ಕತೆ ಏನಪ್ಪಾ ಅಂದರೆ, ದೊಡ್ಡ ಬೆಟ್ಟದ ತುದಿಯಲ್ಲಿ ಒಬ್ಬ ಹಿಮದ ರಾಜ ಮಲಗಿದ್ದಾನೆ. ಅವನು ಏಳದ ಹಾಗೆ ಕಾಯುತ್ತಿದ್ದ ಗಂಟೆಯನ್ನು ಯಾರೋ ಕದ್ದಿದ್ದರು, ಅದು ಈಗ ಸಿಕ್ಕಿದೆ. ಏಳು ಜೀವಗಳು ಆ ಗಂಟೆಯನ್ನು ಹೊತ್ತುಕೊಂಡು ಹೋಗಿ ಮತ್ತೆ ಗೋಪುರಕ್ಕೆ ಕಟ್ಟಬೇಕು. ಇದಿಷ್ಟು ನನಗೆ ಅರ್ಥವಾಗಲು ನಾಲ್ಕು ದಿನ, ಒಂದು ಡಿಕ್ಷನರಿ ಬೇಕಾಯಿತು. ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲವಾಗಿ ನಾವೇ ಇಟ್ಟುಕೊಂಡೆವು. ಕೋಲಿನ ಮುದುಕ ಅಜ್ಜಯ್ಯ. ಕೊಡಲಿ ಹಿಡಿದ ಮೂವರು ಕುಳ್ಳರು ದೊಡ್ಡ ಗಿಡ್ಡ, ನಡು ಗಿಡ್ಡ, ಸಣ್ಣ ಗಿಡ್ಡ. ಉದ್ದ ಕಿವಿಯ ಬಿಲ್ಲುಗಾತಿ ಬಿಲ್ಲಕ್ಕ. ಸೌಟು ಹಿಡಿದು ಏದುಸಿರು ಬಿಡುತ್ತ ಬರುವ ಅಡುಗೆಯವನು ಡುಮ್ಮಣ್ಣ. ಏಳನೆಯದು ಗಂಟೆ ಹೊತ್ತ ಒಂದು ಹೇಸರಗತ್ತೆ. ಹಿಮದ ರಾಜನಿಗೆ ಅಬ್ಬಾ ಇಟ್ಟ ಹೆಸರು ಐಸ್ ಸಾಹೇಬ. ಹೊರಗೆ ಚಳ್ಳಕೆರೆಯ ಬಿಸಿಲು ತಗಡಿನ ಮೇಲೆ ಚಟಪಟ ಅನ್ನುತ್ತಿದೆ, ಬನಿಯನ್ನು ಬೆನ್ನಿಗೆ ಅಂಟಿದೆ, ಒಳಗೆ ನಾವು "ಅಯ್ಯೋ, ಚಳಿಗೆ ಡುಮ್ಮಣ್ಣನ ಜೀವ ಹೋಗ್ತಾ ಇದೆ, ಬೆಂಕಿ ಹಾಕು ಬೇಟಿ, ಬೆಂಕಿ ಹಾಕು!" ಅಂತ ಒದ್ದಾಡುತ್ತಿದ್ದೆವು.

ಮೊದಲು ಅಬ್ಬಾ ಮೌಸನ್ನು ಮುಟ್ಟಲು ಒಪ್ಪಿರಲಿಲ್ಲ. ನಾನು ಆಡುವುದನ್ನು ಮಂಚದಿಂದ ಓರೆಗಣ್ಣಲ್ಲಿ ನೋಡುತ್ತಿದ್ದರು. ಮೂರನೇ ದಿನ ನಡು ಗಿಡ್ಡನನ್ನು ನಾನು ಹಳ್ಳಕ್ಕೆ ಬೀಳಿಸಿದಾಗ ತಡೆಯಲಾಗಲಿಲ್ಲ. "ಸರಿ, ಸರಿ ಆಚೆ. ಕೈಯಲ್ಲಿ ಕಸುಬಿಲ್ಲ ನಿಂಗೆ" ಅಂತ ಬಂದು ಕೂತವರು ಆಮೇಲೆ ಎದ್ದದ್ದು ಊಟಕ್ಕೆ, ನಮಾಜಿಗೆ ಮಾತ್ರ. ಬೇಕಾದರೆ ಎಡಗೈಯಲ್ಲಿ ಆಡಿ ಅಂದೆ. "ಎಡಗೈಯಲ್ಲಿ ಊಟ ಮಾಡ್ತಾರೇನು?" ಅಂದರು. ನೆಟ್ಟಗಿದ್ದ ತೋರುಬೆರಳನ್ನು ಮೌಸಿನ ಮೇಲಿಟ್ಟು ಇಡೀ ತೋಳಿನ ಭಾರ ಹಾಕಿ ಒತ್ತುತ್ತಿದ್ದರು. ನೋವಿಗೆ ಮುಖ ಕಿವುಚುತ್ತಿತ್ತು, ಬಾಯಿ ಮಾತ್ರ "ನಡಿ ಲೇ ಡುಮ್ಮಣ್ಣ, ನಡಿ ಲೇ" ಅನ್ನುತ್ತಿತ್ತು.

ನಮ್ಮ ಬುದ್ಧಿವಂತಿಕೆಯ ಇನ್ನೊಂದು ಕತೆ ಹೇಳಿಬಿಡುತ್ತೇನೆ, ನೀವು ನಕ್ಕರೂ ಸರಿ. ಕರೆಂಟು ಹೋದರೆ ಆಟವೂ ಹೋಗುತ್ತಿತ್ತು. ಆಗ ಚಳ್ಳಕೆರೆಯಲ್ಲಿ ಕರೆಂಟು ಬರುವುದೇ ಹೋಗಲಿಕ್ಕೆ. ಪ್ರತಿ ಸಲವೂ ನಾವು ಮೊದಲನೇ ಹಳ್ಳಿಯಿಂದ, ಡುಮ್ಮಣ್ಣ ಅಡುಗೆಮನೆಯಿಂದ ಹೊರಗೆ ಬರುವಲ್ಲಿಂದ ಶುರುಮಾಡುತ್ತಿದ್ದೆವು. ಆಟವನ್ನು ಬೇಕಾದಲ್ಲಿ ಉಳಿಸಿಟ್ಟುಕೊಳ್ಳಬಹುದು, ಅದಕ್ಕೊಂದು ಗುಂಡಿ ಇದೆ ಎಂಬುದು ಗೊತ್ತಾಗಿದ್ದು ಹನ್ನೊಂದು ದಿನದ ಮೇಲೆ. ದುಭಾಷಿ 'ಸೇವ್' ಎಂಬ ಆ ಪದವನ್ನು ದಿನಾ ನೋಡುತ್ತಲೇ ಇದ್ದಳು. ಯಾರನ್ನೋ ಕಾಪಾಡಿ ಅಂತ ಬೇಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದಳು. ಅಬ್ಬಾ ಎರಡು ನಿಮಿಷ ಗೋಡೆ ನೋಡುತ್ತ ಕೂತರು, ಅಷ್ಟೇ.

ಈಗ ಚಿತ್ತಯ್ಯ ಮಾವ. ನಾನು ಹುಟ್ಟುವ ಮೊದಲು ಒಮ್ಮೆ ತಳಕಿನ ಹತ್ತಿರ ಬಸ್ಸು ಕೆಟ್ಟು ನಿಂತಿತ್ತಂತೆ. ಫ್ಯಾನ್ ಬೆಲ್ಟು ಹರಿದಿತ್ತು. ಒಳಗೆ ಕೂತಿದ್ದ ಅಬ್ಬಾ ಇಳಿದು, ಪಕ್ಕದ ಸೀಟಿನಲ್ಲಿದ್ದ ಕುರಿಗಾರನ ಹತ್ತಿರ ಉಣ್ಣೆ ಹಗ್ಗ ಕೇಳಿ ಪಡೆದು, ಅದನ್ನೇ ಬೆಲ್ಟು ಮಾಡಿ ಕಟ್ಟಿ ಬಸ್ಸನ್ನು ಚಳ್ಳಕೆರೆ ಮುಟ್ಟಿಸಿದರಂತೆ. ಹಗ್ಗ ವಾಪಸು ಕೊಡಿ ಅಂತ ಗ್ಯಾರೇಜಿಗೆ ಬಂದ ಚಿತ್ತಯ್ಯ ಆಮೇಲೆ ಪ್ರತಿ ಸಂತೆಗೂ ಬಂದ. ಸಂತೆ ದಿನ ಅವನ ಊಟ ನಮ್ಮನೆಯಲ್ಲಿ. ಆಂಧ್ರದ ಗಡಿಯವನಾದ್ದರಿಂದ ಕುರಿ ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ.

ಅವನು ಮೊದಲ ಸಲ ಪರದೆಯ ಮುಂದೆ ಕೂತಾಗ ಅಜ್ಜಯ್ಯನನ್ನು ನೋಡಿ ಹೆಗಲ ಕಂಬಳಿ ತೆಗೆದು ಕೈ ಮುಗಿದ. "ಸಾಬಣ್ಣ, ಈ ಸ್ವಾಮಿ ಯಾವ ಊರಾತ?" ಅಂತ ಅಬ್ಬಾನನ್ನು ಕೇಳಿದ. ದೂರದ ದೇಶದವನು ಅಂದೆವು. "ಇರ್ಲಿ ಬಿಡು. ಉಂಡವ್ರಾ ಇವ್ರೆಲ್ಲ? ಬೆಳಗಿಂದ ನಡೀತಾನೇ ಅವ್ರೆ, ಒಬ್ರಾದ್ರೂ ಒಂದ್ ಲೋಟ ಟೀ ಕುಡಿದಿಲ್ಲವಲ್ಲ!" ಆ ದಿನದಿಂದ ಡುಮ್ಮಣ್ಣನ ಹೊಟ್ಟೆ ತುಂಬದೆ ನಾವು ಮುಂದೆ ಹೋಗುವಂತಿರಲಿಲ್ಲ. ಏಳು ಜನರಲ್ಲಿ ಯಾರಾದರೂ ಹಿಂದೆ ಬಿದ್ದರೆ ಚಿತ್ತಯ್ಯ ನಾಲಿಗೆ ಮಡಚಿ ಸಿಳ್ಳೆ ಹಾಕುತ್ತಿದ್ದ, ಪರದೆಗೆ! ಪಕ್ಕದ ಮನೆಯ ಮೇಕೆಗಳೆಲ್ಲ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದವು.

ನಾವು ಸೋತದ್ದು ಐಸಿನ ಸೇತುವೆಯಲ್ಲಿ. ಎರಡು ಬೆಟ್ಟದ ನಡುವೆ ಹಲಗೆಯಷ್ಟಗಲದ ಐಸಿನ ದಾರಿ. ಮೌಸಿನ ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಏಳೂ ಜನ ನಡೆಯುತ್ತಾರೆ. ಬೆರಳು ಬಿಟ್ಟರೆ ನಿಲ್ಲುತ್ತಾರೆ. ನಿಂತರೆ ಐಸು ಬಿರುಕು ಬಿಡುತ್ತದೆ. ಅಬ್ಬಾನ ಬೆರಳು ಅರ್ಧ ದಾರಿಗೆ ನಡುಗಿ ಜಾರುತ್ತಿತ್ತು. ಒಂದೊಂದು ಸಲ ಅದು ಹೇಗೋ ತಡೆದುಕೊಂಡರೂ ಮುಂದೆ ಹೋಗುವ ಅಜ್ಜಯ್ಯನ ಹಿಂದೆ ಉಳಿದವರು ಸಾಲಾಗಿ ಬರುತ್ತಿರಲಿಲ್ಲ, ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಡುಮ್ಮಣ್ಣ ಕಾಲು ಜಾರಿ "ಊಊ" ಅಂತ ಬೀಳುತ್ತಿದ್ದ. ಎಷ್ಟು ಸಲ ಬಿದ್ದನೋ! ನನಗೆ ರಿಸಲ್ಟು ಬಂತು. ಪಾಸಾಗಿದ್ದೆ. ಇಂಗ್ಲಿಷಿನಲ್ಲೂ! ಅಬ್ಬಾ ಸಕ್ಕರೆ ತರಿಸಿ ಬಾಯಿಗೆ ಹಾಕಿದರು, "ಶಾಬಾಶ್ ಬೇಟಿ" ಅಂದರು, ತಿರುಗಿ ಸೇತುವೆ ಹತ್ತಿದರು. ಆದರೆ ನಿಜ ಹೇಳಬೇಕು, ಆ ಸೇತುವೆ ಬರೀ ಆಟವಾಗಿ ಉಳಿದಿರಲಿಲ್ಲ. ಬೆರಳು ಅಷ್ಟು ಹೊತ್ತು ತಡೆದರೆ ಪಾನಾ ಹಿಡಿಯುತ್ತದೆ ಅಂತ ನಾನು ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡಿದ್ದೆ. ಅಬ್ಬಾ ಕೂಡ ಹಾಗೇ ಅಂದುಕೊಂಡಿದ್ದರು ಅಂತ ಅವರ ಮುಖ ಹೇಳುತ್ತಿತ್ತು.

ಒಂದು ಸಂತೆ ದಿನ ಚಿತ್ತಯ್ಯ ಬಂದ. ಡುಮ್ಮಣ್ಣ ಎರಡು ಸಲ ಬೀಳುವುದನ್ನು ನೋಡಿದ. ಅವನಿಗೆ ರೇಗಿಹೋಯಿತು.

"ಲೇ ಸಾಬಣ್ಣ, ಅಜ್ಜಯ್ಯನ್ನ ಯಾಕಲೇ ಮುಂದೆ ಬಿಡ್ತೀಯಾ? ಕಾಯೋನು ಮುಂದೆ ಹೋದ್ರೆ ಹಿಂದಿನವು ಏನಾದ್ವು ಅಂತ ಅವಂಗೇನು ಗೊತ್ತಾಗ್ತೈತೆ?"

"ದೊಡ್ಡವನಲ್ವೇನೋ, ಮುಂದೆ ನಡೀಬೇಕು."

"ದೊಡ್ಡೋನು ಹಿಂದೆ ಇರ್ಬೇಕು ಕಣಲೇ. ನಾವು ಹಳ್ಳ ದಾಟುವಾಗ ಏನ್ಮಾಡ್ತೀವಿ? ಕುರಿ ನೀರಿಗೆ ಇಳಿಯಾಕೆ ಅಂಜ್ತಾವೆ. ಒಂದು ಹೋತನ್ನ ಮುಂದೆ ಬಿಡ್ತೀವಿ. ಅದು ದಾಟಿದ್ರೆ ಉಳಿದವು ಕಣ್ಣು ಮುಚ್ಕೊಂಡು ಹೋಗ್ತಾವೆ. ಇಲ್ಲಿ ಯಾವುದೈತೆ? ಆ ಕತ್ತೆ ಐತಲ್ಲ, ಅದನ್ನ ಬಿಡು!"

ಹೇಸರಗತ್ತೆಯನ್ನು ಮುಂದಾಳು ಮಾಡಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ. ಕತ್ತೆಯ ಮೇಲೆ ಒತ್ತಿದೆ. ಅದು ತಲೆ ಆಡಿಸಿಕೊಂಡು ಮುಂದೆ ಬಂತು. ಅಜ್ಜಯ್ಯನನ್ನು ಕಟ್ಟಕಡೆಗೆ ನಿಲ್ಲಿಸಿದೆವು, ಅವನ ಮುಂದೆ ಡುಮ್ಮಣ್ಣ. ಅಬ್ಬಾ ಬಿಸ್ಮಿಲ್ಲಾ ಅಂದು ಬೆರಳಿಟ್ಟರು. ಚಿತ್ತಯ್ಯ ಮೊಳಕಾಲ್ಮೂರಿನ ದಿಕ್ಕಿಗೆ ತಿರುಗಿ "ಅಪ್ಪಾ ಜಟಿಂಗ ರಾಮೇಶ್ವರ, ಈ ಡುಮ್ಮನ್ನ ದಾಟಿಸಿದ್ರೆ ಬೆಟ್ಟ ಹತ್ತಿ ಬಂದು ಕಾಯಿ ಒಡೆಸ್ತೀನಿ" ಅಂದ. ಕತ್ತೆ ಹೊತ್ತ ಗಂಟೆ ಢಣ್ ಢಣ್ ಅನ್ನುತ್ತ ನಡೆಯಿತು. ಹಿಂದೆ ಗಿಡ್ಡರು, ಬಿಲ್ಲಕ್ಕ, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರ ಹೆಜ್ಜೆ. ಅರ್ಧ ದಾಟಿತು. ಅಬ್ಬಾನ ಬೆರಳು ನಡುಗಲು ಶುರುವಾಯಿತು. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿದೆ, ಒರೆಸಿಕೊಳ್ಳುವಂತಿಲ್ಲ. ನಾನು ನನ್ನ ದುಪಟ್ಟಾದಲ್ಲಿ ಒರೆಸಿದೆ. ಚಿತ್ತಯ್ಯ ಒಬ್ಬೊಬ್ಬರು ದಾಟಿದ ಹಾಗೂ ಎಣಿಸುತ್ತಿದ್ದ: "ಒಕಟಿ... ರೆಂಡು... ಮೂಡು... ನಾಲುಗು... ಐದು..." ಡುಮ್ಮಣ್ಣ ವಾಲಿದ. "ಲೇ ಲೇ ಲೇ!" ಅಂದೆವು ಮೂವರೂ. ಅವನು ಸೌಟು ಚಾಚಿ ನೆಟ್ಟಗಾದ. "ಆರು! ಏಡು! ಏಡು ಕಣಲೇ ಸಾಬಣ್ಣ, ಏಳೂ ಬಂದ್ವು!"

ಆಮೇಲೆ ಆದದ್ದು ಮನೆಯಲ್ಲ, ಸಂತೆ. ನಾನು ಮಂಚದ ಮೇಲೆ ಹತ್ತಿ ಕುಣಿದೆ. ಅಬ್ಬಾ ನಕ್ಕರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ನಡುವೆ ಉಸಿರು ಸಿಗದೆ ಗೊಕ್ ಗೊಕ್ ಅಂತ ಸದ್ದು ಮಾಡುತ್ತ. ಚಿತ್ತಯ್ಯನ ಕೈ ಹಿಡಿದು ಕುಲುಕಿದರು. ಚಿತ್ತಯ್ಯ "ಅಯ್ಯಯ್ಯೋ!" ಅಂತ ಕೂಗಿದ. ಸಂತೋಷಕ್ಕೆ ಅಂದುಕೊಂಡೆ. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು, ಸಟಕ್ಕನೆ ಗಂಭೀರವಾಗಿ ಹಿತ್ತಲಿಗೆ ಹೋಗಿ ಏನೋ ಪಿಸುಗುಟ್ಟಿದರು. ಕುರಿಯ ವ್ಯಾಪಾರದ ಮಾತಿರಬೇಕು ಅಂದುಕೊಂಡೆ. ನಾನು ಇನ್ನೂ ಮಂಚದ ಮೇಲೇ ಇದ್ದೆ.

ಹರಕೆ ತೀರಿಸಲು ಸೋಮವಾರ ಮೂವರೂ ಬೆಟ್ಟ ಹತ್ತಿದೆವು. ಅಬ್ಬಾ, ನಾನು ಹೊರಗೆ ನೆರಳಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದೆವು, ಮಾತು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಪೂಜಾರಿಗಳು ಯಾರ ಹೆಸರಿನಲ್ಲಿ ಅರ್ಚನೆ ಅಂದರು. "ಡುಮ್ಮಣ್ಣ" ಅಂದ ಚಿತ್ತಯ್ಯ. ನಕ್ಷತ್ರ? ಚಿತ್ತಯ್ಯ ಹೊರಗೆ ಬಂದು "ಸಾಬಣ್ಣ, ಡುಮ್ಮಂದು ಯಾವ ನಕ್ಷತ್ರ?" ಅಂತ ಕೇಳಿದ. ಅಬ್ಬಾ ಬಹಳ ಯೋಚನೆ ಮಾಡಿ, "ಗೊತ್ತಿಲ್ಲ. ಸೌಟು ಹಿಡಿದೇ ಹುಟ್ಟಿದೋನು ಅಂತ ಹೇಳು" ಅಂದರು. ಒಳಗೆ ಪೂಜಾರಿಗಳು "ಏನಪ್ಪಾ, ಪಾಪ, ಕಾಯಿಲೆಯವರಾ?" ಅಂದರು. "ಇಲ್ಲ ಸ್ವಾಮಿ, ಸೇತುವೆಯಿಂದ ಬೀಳ್ತಿದ್ದ. ಈಗ ಪರವಾಗಿಲ್ಲ" ಅಂದ ಚಿತ್ತಯ್ಯ. ನಾನೂ ಅಬ್ಬಾ ಬಾಯಿಗೆ ಬಟ್ಟೆ ತುರುಕಿಕೊಂಡು ಬಂಡೆಯ ಹಿಂದೆ ಓಡಿದೆವು. ಕೊಬ್ಬರಿ ಚೂರು ತಿನ್ನುತ್ತ ಇಳಿದೆವು. ಅಂಥ ರುಚಿಯ ಕೊಬ್ಬರಿ ನಾನು ಮತ್ತೆ ತಿಂದಿಲ್ಲ.

ಆದರೆ ಶುಕ್ರವಾರ ಪಾನಾ ಠಣ್ ಅಂತ ಬಿತ್ತು. ನನಗೆ ಅಳುವೇ ಬಂತು. ಸೇತುವೆ ದಾಟಿದ ಬೆರಳು ಪಾನಾ ಹಿಡಿಯುವುದಿಲ್ಲ ಅಂದರೆ ಇನ್ನೇನು ಮಾಡಬೇಕು? ಮುಂದಿನ ಶುಕ್ರವಾರವೂ ಠಣ್. ಅದರ ಮುಂದಿನದೂ ಠಣ್. ಅಬ್ಬಾ ತಲೆ ತಗ್ಗಿಸಿ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅಮ್ಮಿ ಆ ಮೂರು ವಾರ ಹೊಲಿಗೆ ಹೆಚ್ಚು ಮಾಡಿದ್ದಳು, ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ ರಾಶಿ ಬಂದಿತ್ತು. ನಡುಮನೆಯಿಂದ ಮಿಷನ್ನಿನ ಕಟಕಟ, ಇಲ್ಲಿ ನಮ್ಮ "ಹೊಡಿ, ಹೊಡಿ". ಸಂತೆ ಇಲ್ಲದ ದಿನವೂ ಚಿತ್ತಯ್ಯ ಬರತೊಡಗಿದ. ಬಿಲ್ಲಕ್ಕ ಗುಹೆಯ ತೋಳಗಳನ್ನು ಹೊಡೆದಳು. ಚಿತ್ತಯ್ಯನ ಪಾಲಿಗೆ ಅದು ಜನ್ಮಾಂತರದ ದ್ವೇಷ, ಎದ್ದು ನಿಂತು ಕೋಲು ಬೀಸಿ ನಮ್ಮ ಬಲ್ಬು ಒಡೆದ. ಗಿಡ್ಡರು ಗೋಪುರದ ಬಾಗಿಲು ಮುರಿದರು. ಕಡೆಗೆ ಒಂದು ಗುರುವಾರ ಅಜ್ಜಯ್ಯ ಗಂಟೆಯನ್ನು ಕಟ್ಟಿಯೇಬಿಟ್ಟ. ಢಣ್! ಐಸ್ ಸಾಹೇಬ ಆಕಳಿಸಿ ಮಗ್ಗುಲಾದ.

ಪರದೆ ಕಪ್ಪಾಗಿ ಹೆಸರುಗಳು ಮೇಲಕ್ಕೆ ಹರಿಯತೊಡಗಿದವು, ನೂರಾರು. ಇವರು ಯಾರು ಅಂತ ಅಬ್ಬಾ ಕೇಳಿದರು. ಈ ಆಟ ಮಾಡಿದವರು ಅಂದೆ. "ಇಷ್ಟು ಜನ ಮಿಸ್ತ್ರಿಗಳಾ!" ಅಂತ ನೆಟ್ಟಗೆ ಕೂತರು. ಎಲ್ಲವನ್ನೂ ಓದು ಅಂದರು. ಕೆಲಸ ಮಾಡಿದವರ ಹೆಸರು ಓದದೆ ಎದ್ದುಹೋಗುವುದು ಅಬ್ಬಾನ ಲೆಕ್ಕದಲ್ಲಿ ಊಟ ಮಾಡಿ ಕೈ ತೊಳೆಯದೆ ಎದ್ದ ಹಾಗೆ. ನಾನು ತಪ್ಪುತಪ್ಪಾಗಿ ಓದುತ್ತ ಹೋದೆ, ಅವರಿಬ್ಬರೂ ತಲ್ಲೀನರಾಗಿ ಕೇಳಿದರು. ಕೊನೆಕೊನೆಗೆ ಚಿತ್ತಯ್ಯ ಮೆಲ್ಲಗೆ, "ಯವ್ವಾ, ನಮ್ದೂ ಬರ್ತೈತಾ?" ಅಂದ.

ಮಾರನೇ ದಿನ ಶುಕ್ರವಾರ. ಅಮ್ಮಿ ಪಾನಾ ಚಾಚಿದಳು. ಅಬ್ಬಾನ ಮೂರೂ ಬೆರಳು ಮಡಚಿ ಅದನ್ನು ಗಟ್ಟಿಯಾಗಿ ಹಿಡಿದವು. ನಾನು ಕಿರುಚಿದೆ. ಶನಿವಾರ ಶಟರು ಮೇಲೆದ್ದಿತು, ಕಂಪ್ಯೂಟರು ಬಸ್ಸು ಹತ್ತಿತು. ಆಟ ಮುಗಿದ ಮಾರನೇ ದಿನವೇ ಕೈ ಬಂತು, ಇದಕ್ಕಿಂತ ಪವಾಡ ಇನ್ನೇನು ಬೇಕು! ಇಪ್ಪತ್ತೈದು ವರ್ಷದಿಂದ ಈ ಕತೆಯನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ 'ಛಲ' ಎಂಬ ಪದ ಬಂದಾಗ ಇದೇ ಉದಾಹರಣೆ. ಕೊನೆಗೆ ಕಣ್ಣು ಒರೆಸಿಕೊಳ್ಳುವುದೂ ಉಂಟು.

ಮೊನ್ನೆ ಮೊಳಕಾಲ್ಮೂರಿನಿಂದ ನೆಟ್ಟಗೆ ಚಳ್ಳಕೆರೆಯ ಬಸ್ಸು ಹತ್ತಿ ಅಬ್ಬಾ-ಅಮ್ಮಿಯ ಮುಂದೆ ಕೂತೆ. ಅಜ್ಜಯ್ಯ ಮತ್ತೆ ಬಂದಿದ್ದಾನೆ, ಗಡ್ಡದ ಕೂದಲೆಲ್ಲ ಕಾಣುತ್ತೆ ಅಂದೆ. ಅಬ್ಬಾನ ಕಣ್ಣು ಅರಳಿದವು. "ಆ ಆಟ ನಿಮ್ಮ ಕೈ ಉಳಿಸಿತು ನೋಡಿ ಅಬ್ಬಾ, ಮುಗಿದ ಮಾರನೇ ದಿನವೇ..." ಅಂತ ನನ್ನ ಪವಾಡ ಶುರುಮಾಡಿದೆ.

ಮಿಷನ್ನಿಗೆ ದಾರ ಪೋಣಿಸುತ್ತಿದ್ದ ಅಮ್ಮಿ ತಲೆ ಎತ್ತದೆ, "ಮಾರನೇ ದಿನ ಎಲ್ಲಿ ಬಂತು? ಅದಕ್ಕೂ ಮೂರು ವಾರ ಮೊದಲೇ ಬಂದಿತ್ತು" ಅಂದಳು.

ಅಬ್ಬಾನ ಮುಖ ನೋಡಿದೆ. ಕಳ್ಳನ ಮುಖ.

"ಒಂದು ಬೆಳಿಗ್ಗೆ ಹಿತ್ತಲ ಡ್ರಮ್ಮಿನ ನಲ್ಲಿ ತಿರುಗಿಸೋಕೆ ಹೋದೆ, ಜಪ್ಪಯ್ಯ ಅಂದ್ರೂ ಬರಲಿಲ್ಲ" ಅಂದಳು ಅಮ್ಮಿ. "ಅಷ್ಟು ಬಿಗಿಯಾಗಿ ನಲ್ಲಿ ತಿರುಗಿಸೋರು ಈ ಮನೇಲಿ ಒಬ್ಬರೇ. ಕೈ ಮುರಿದಾಗಿಂದ ಅದು ತೊಟ್ಟಿಕ್ಕುತ್ತಾ ಇತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆಲ್ಲ ಕತ್ತಲೆ ಆಗುತ್ತೇನು?"

ಅಬ್ಬಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಸೇತುವೆ ದಾಟಿದ ದಿನ ಚಿತ್ತಯ್ಯನ ಕೈ ಹಿಸುಕಿದಾಗಲೇ ಗೊತ್ತಾಯಿತಂತೆ. ಆಟ ಮುಗಿಸದೆ ಡಬ್ಬಿಯನ್ನು ವಾಪಸು ಕಳಿಸಲು ಮನಸ್ಸು ಬರಲಿಲ್ಲವಂತೆ. ಪಾನಾ ಹೇಗೆ ಬೀಳಿಸಬೇಕು ಅಂತ ಹಿತ್ತಲಲ್ಲಿ ನಿಂತು ಚಿತ್ತಯ್ಯನೇ ಅಭ್ಯಾಸ ಮಾಡಿಸಿದ್ದನಂತೆ. "ನಿನ್ನ ಮುಂದೆ ಸುಳ್ಳಾಡಿದೆ ಅಂತ ಇಪ್ಪತ್ತೈದು ರಂಜಾನಿನಿಂದ ಅಲ್ಲಾಹನ ಹತ್ರ ಮಾಫಿ ಕೇಳ್ತಾ ಇದೀನಿ" ಅಂತ ಅಮ್ಮಿಗೆ ಅಂದರು. ನಾನೋ? ಇಪ್ಪತ್ತೈದು ವರ್ಷದ 'ಛಲ'ದ ಉದಾಹರಣೆ ನನ್ನ ಮುಂದೆಯೇ ಠಣ್ ಅಂತ ಬಿದ್ದಿತ್ತು. ನನಗೆ ಒಂದೇ ಒಂದು ಅರ್ಥವಾಗಲಿಲ್ಲ. ಆ ಮೂರು ವಾರ ಅಮ್ಮಿ ರಾಶಿ ರಾಶಿ ಯೂನಿಫಾರಂ ಹೊಲಿದು ಬೆನ್ನು ನೋವು ಮಾಡಿಕೊಂಡಿದ್ದು ನನಗೆ ನೆನಪಿದೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ.

ಅಮ್ಮಿ ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದಳು. "ಹನ್ನೊಂದನೇ ವಯಸ್ಸಿಗೆ ಗ್ಯಾರೇಜಿಗೆ ಸೇರಿದೋರು ಇವರು. ಆಟ ಯಾವಾಗ ಆಡಿದ್ದಾರೆ? ಮದುವೆ ಆದಾಗಿನಿಂದ ಇವರು ಹಾಗೆ ಗೊಕ್ ಗೊಕ್ ಅಂತ ನಗೋದು ನಾನು ಕೇಳೇ ಇರಲಿಲ್ಲ. ಆಡ್ಲಿ ಬಿಡು ಅಂದ್ಕೊಂಡೆ."

ಅಬ್ಬಾ ತಲೆಯಿಂದ ಕೈ ತೆಗೆದರು. ಆಮೇಲೆ, "ಗೊತ್ತಿದ್ರೆ ಶುಕ್ರವಾರ ಶುಕ್ರವಾರ ಪಾನಾ ಯಾಕೆ ತರ್ತಿದ್ದೆ?" ಅಂದರು.

"ನೀವು ಬೀಳಿಸೋದು ನೋಡೋಕೆ" ಅಂದಳು ಅಮ್ಮಿ. "ಎಷ್ಟು ಚೆಂದ ಬೀಳಿಸ್ತಿದ್ರಿ!"

ಅಬ್ಬಾ ನಕ್ಕರು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ, ಗೊಕ್ ಗೊಕ್ ಅಂತ. ಅಮ್ಮಿ ಮಿಷನ್ನಿನಿಂದ ಕೈ ತೆಗೆದು ಕೇಳುತ್ತ ಕೂತಳು.